ಪ್ರಿಆಂಪ್ ಕೊಳ್ಳುವ ಮೊದಲು ಕೋಣೆಯನ್ನು ಕೇಳಿ

ಮೈಕಿನ ಮುಂದೆ ಮಾತಾಡಿದಾಗ ಅದರ ಕೇಬಲ್ಲಿನಲ್ಲಿ ಹುಟ್ಟುವ ವಿದ್ಯುತ್ತು ತೀರ ಕ್ಷೀಣ. ಪಾಡ್‌ಕಾಸ್ಟ್ ಮಾಡುವವರ ಮೇಜಿನ ಮೇಲೆ ಇವತ್ತು ಹೆಚ್ಚಾಗಿ ಕಾಣುವ ಶೂರ್ ಎಸ್‌ಎಂ7ಬಿ ಮೈಕನ್ನೇ ನೋಡಿ. 94 ಡೆಸಿಬೆಲ್ ಜೋರಿನ ಶಬ್ದ ಬಿದ್ದಾಗ ಅದು ಕೊಡುವುದು 1.12 ಮಿಲಿವೋಲ್ಟ್. ಬಾಯಿಂದ ನಾಲ್ಕು ಬೆರಳು ದೂರದಲ್ಲಿಟ್ಟುಕೊಂಡು, ಮನೆಯಲ್ಲಿ ಮಾತಾಡುವ ದನಿಯಲ್ಲೇ ಒಂದು ಕಥೆ ಓದಿದರೆ ಮೈಕಿಗೆ ತಲುಪುವುದು ಸುಮಾರು 80 ಡೆಸಿಬೆಲ್. ಆಗ ಕೇಬಲ್ಲಿನಲ್ಲಿರುವುದು ಬರೀ 0.22 ಮಿಲಿವೋಲ್ಟ್. ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ಲಿನ ಬಲದ ಏಳು ಸಾವಿರದಲ್ಲೊಂದು ಪಾಲು.

ಈ ಸಣ್ಣ ಮಿಡಿತವನ್ನು ಕಂಪ್ಯೂಟರಿಗೆ ಅರ್ಥವಾಗುವ ಅಂಕಿಗಳಾಗಿ ಬದಲಿಸಬೇಕಾದರೆ ಮೊದಲು ಅದನ್ನು ಸುಮಾರು ಸಾವಿರ ಪಟ್ಟು ಹಿಗ್ಗಿಸಬೇಕು. ಲೆಕ್ಕದ ಭಾಷೆಯಲ್ಲಿ 60 ಡೆಸಿಬೆಲ್ ಗೇನ್. ಆ ಕೆಲಸ ಮಾಡುವುದೇ ಮೈಕ್ ಪ್ರಿಆಂಪ್. ಅದು ಬೇರೆಯದೇ ಪೆಟ್ಟಿಗೆಯಾಗಿರಬಹುದು, ಮಿಕ್ಸರಿನ ಒಳಗಿರಬಹುದು, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿ ಇಂಟರ್‌ಫೇಸಿನ ಮುಂಭಾಗದ ಗುಂಡಿಯ ಹಿಂದೆ ಒಂದು ಪುಟ್ಟ ಚಿಪ್ಪಾಗಿಯೂ ಇರಬಹುದು. ಎಲ್ಲಿದ್ದರೂ ಧ್ವನಿಮುದ್ರಣದ ಸರಪಣಿಯಲ್ಲಿ ಇದರ ಜಾಗ ವಿಶೇಷವಾದದ್ದು. ದನಿ ಅತ್ಯಂತ ದುರ್ಬಲವಾಗಿರುವ ಗಳಿಗೆಯಲ್ಲಿ ಅದನ್ನು ಕೈಗೆತ್ತಿಕೊಳ್ಳುವುದು ಪ್ರಿಆಂಪ್. ಇಲ್ಲಿ ಸೇರಿಕೊಂಡ ಗದ್ದಲ ಮುಂದಿನ ಪ್ರತಿ ಹಂತದಲ್ಲೂ ದನಿಯ ಜೊತೆಗೇ ಬೆಳೆಯುತ್ತದೆ. ಆಮೇಲೆ ಸಾಫ್ಟ್‌ವೇರಿನಲ್ಲಿ ಉಜ್ಜಿ ತೆಗೆಯಲು ಹೋದರೆ ವೀಣೆಯ ಗಮಕದ ಕೊನೆಯ ಎಳೆ, ಮಾತಿನ ಕೊನೆಯ ಉಸಿರು ಕೂಡ ಅದರ ಜೊತೆ ಹೋಗುತ್ತವೆ.

ಆದ್ದರಿಂದ ಒಳ್ಳೆಯ ಪ್ರಿಆಂಪ್ ಯಾವುದು ಎಂಬ ಪ್ರಶ್ನೆ ಸಣ್ಣದಲ್ಲ. ಈಗ ಅದನ್ನು ಕೇಳುವವರೂ ಬಹಳ. ಒಂದು ಕಾಲಕ್ಕೆ ಕನ್ನಡ ಚಿತ್ರಗೀತೆಗಳು ಬಹುಪಾಲು ಮದ್ರಾಸಿನ ಸ್ಟುಡಿಯೊಗಳಲ್ಲೇ ಧ್ವನಿಮುದ್ರಣವಾಗುತ್ತಿದ್ದವು. ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿದಾಗ ಅದು ದೊಡ್ಡ ಸುದ್ದಿ. ಇವತ್ತು ಮೈಸೂರಿನ ವೀಣಾ ವಾದಕಿ ತನ್ನ ಕೋಣೆಯಲ್ಲಿ ವರ್ಣ ನುಡಿಸಿ ಅಮೆರಿಕದ ಶಿಷ್ಯೆಗೆ ಕಳಿಸುತ್ತಾರೆ. ಕುಂದಾಪುರದ ನಿವೃತ್ತ ಮೇಷ್ಟ್ರು ಕಾದಂಬರಿಗಳನ್ನು ಓದಿ ಆಡಿಯೊ ಪುಸ್ತಕ ಮಾಡುತ್ತಾರೆ. ಇವರೆಲ್ಲ ಅಂಗಡಿಯವರ ಮುಂದೆ ನಿಂತು ಕೇಳುವುದು ಒಂದೇ: ಇಂಟರ್‌ಫೇಸಿನಲ್ಲಿರುವ ಪ್ರಿಆಂಪ್ ಸಾಕೇ, ಇನ್ನೊಂದು ಬೇಕೇ? ನನ್ನ ಅನುಭವದಲ್ಲಿ ಇದಕ್ಕೆ ಉತ್ತರ ಅಂಗಡಿಯಲ್ಲಿ ಸಿಗುವುದಿಲ್ಲ. ಮನೆಗೆ ಹೋಗಿ ಒಂದು ಲೆಕ್ಕ ಹಾಕಬೇಕು. ಹಾಕಿದ ಹೆಚ್ಚಿನವರಿಗೆ ದುಡ್ಡು ಉಳಿಯುತ್ತದೆ. ಉಳಿದ ಕೆಲವರಿಗೆ ಎಲ್ಲಿ ಖರ್ಚು ಮಾಡಬೇಕೆಂಬುದು ಖಚಿತವಾಗುತ್ತದೆ.

ಲೆಕ್ಕ ಶುರುವಾಗುವುದು ಒಂದು ನಿಸರ್ಗ ನಿಯಮದಿಂದ. ಬೆಚ್ಚಗಿರುವ ಯಾವ ವಾಹಕವೂ ಪೂರ್ತಿ ಸುಮ್ಮನಿರುವುದಿಲ್ಲ. ಅದರೊಳಗಿನ ಎಲೆಕ್ಟ್ರಾನುಗಳು ಶಾಖದಿಂದ ಅಡ್ಡಾದಿಡ್ಡಿ ಓಡಾಡುತ್ತಲೇ ಇರುತ್ತವೆ, ಆ ಓಡಾಟವೇ ಒಂದು ಸಣ್ಣ 'ಸ್ಸ್' ಸದ್ದಾಗುತ್ತದೆ. ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ ಜಾನ್ಸನ್ ಇದನ್ನು ಅಳೆದರು, ಹ್ಯಾರಿ ನೈಕ್ವಿಸ್ಟ್ ಅದಕ್ಕೆ ಸೂತ್ರ ಕೊಟ್ಟರು. ಇಬ್ಬರ ಬರಹಗಳೂ 1928ರಲ್ಲಿ ಪ್ರಕಟವಾದವು. ಸಾಮಾನ್ಯ ಮೈಕಿನ ಒಳರೋಧ 150 ಓಮ್ ಎಂದಿಟ್ಟುಕೊಂಡು, ಕಿವಿಗೆ ಕೇಳುವ 20 ಕಿಲೊಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಲೆಕ್ಕ ಹಾಕಿದರೆ ಈ ಶಾಖದ ಗದ್ದಲ 0.22 ಮೈಕ್ರೊವೋಲ್ಟ್ ಆಗುತ್ತದೆ. ಧ್ವನಿ ಎಂಜಿನಿಯರುಗಳ ಅಳತೆಯಲ್ಲಿ ಮೈನಸ್ 131 ಡಿಬಿಯು. ಪ್ರಿಆಂಪ್ ತಯಾರಿಸುವವರು ಎಷ್ಟೇ ಜಾಣರಾಗಿರಲಿ, ಎಷ್ಟೇ ಲಕ್ಷದ ಬೆಲೆ ಇಡಲಿ, ಆ ಮೈಕಿಗೆ ಸಿಕ್ಕಿಸಿದಾಗ ಇದಕ್ಕಿಂತ ಕೆಳಗೆ ಇಳಿಯಲಾರರು. ಈ ಗದ್ದಲ ಮೈಕಿನದ್ದೇ, ಪ್ರಿಆಂಪಿನದ್ದಲ್ಲ.

ಇನ್ನು ಪ್ರಿಆಂಪ್ ತನ್ನ ಕಡೆಯಿಂದ ಎಷ್ಟು ಸೇರಿಸುತ್ತದೆ ಎಂಬುದನ್ನು ತಯಾರಕರು ಇಐಎನ್ ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ. ಒಳಬಾಗಿಲಿನಲ್ಲಿ ಎಷ್ಟು ಗದ್ದಲ ಇದ್ದಂತೆ ಪ್ರಿಆಂಪ್ ವರ್ತಿಸುತ್ತದೆ ಎಂಬ ಲೆಕ್ಕ ಅದು. ಸಾಧಾರಣ ಬೆಲೆಯ ಒಳ್ಳೆಯ ಇಂಟರ್‌ಫೇಸ್‌ಗಳು ಇವತ್ತು ಮೈನಸ್ 126ರಿಂದ 128ರ ಸುಮಾರಿಗೆ ಬಂದು ನಿಂತಿವೆ. ಅಂದರೆ ನಿಸರ್ಗದ ಮಿತಿಗೂ ಅವಕ್ಕೂ ಇರುವ ಅಂತರ ಮೂರರಿಂದ ಐದು ಡೆಸಿಬೆಲ್, ಅಷ್ಟೇ. ಜಗತ್ತಿನ ಅತಿ ನಿಶ್ಶಬ್ದ ಪ್ರಿಆಂಪ್ ತಂದಿಟ್ಟರೂ ಗಳಿಸಲು ಉಳಿದಿರುವುದು ಅಷ್ಟು ಮಾತ್ರ. ಜಾಹೀರಾತುಗಳು ಈ ಒಂದು ವಿಷಯವನ್ನು ಎಂದೂ ಹೇಳುವುದಿಲ್ಲ.

ಈ ಸಂಖ್ಯೆಯನ್ನು ಓದುವಾಗ ಸ್ವಲ್ಪ ಎಚ್ಚರ ಬೇಕು. ಕೆಲವರು ಮೈನಸ್ 133 ಎಂದು ಬರೆದಿರುತ್ತಾರೆ. 150 ಓಮ್ ಮೈಕಿನ ಮಿತಿಯೇ 131 ಆಗಿರುವಾಗ ಇದು ಹೇಗೆ ಸಾಧ್ಯ? ಎರಡು ದಾರಿಗಳಿವೆ. ಮೈಕಿನ ಜಾಗದಲ್ಲಿ ರೋಧವನ್ನೇ ಇಡದೆ ಎರಡು ಪಿನ್ನುಗಳನ್ನು ನೇರ ಬೆಸೆದು ಅಳೆಯುವುದು ಒಂದು. ಕಿವಿಗೆ ಕಡಿಮೆ ತಾಗುವ ತಗ್ಗು ಮತ್ತು ತೀರ ಎತ್ತರದ ಸ್ವರಗಳ ಗದ್ದಲಕ್ಕೆ ಕಡಿಮೆ ಬೆಲೆ ಕೊಡುವ 'ಎ-ವೆಯ್ಟಿಂಗ್' ಎಂಬ ಸೋಸುವಿಕೆ ಇನ್ನೊಂದು. ಅದು ಎರಡು ಡೆಸಿಬೆಲ್ ಚಿಲ್ಲರೆ ಹೆಚ್ಚು ಚೆಲುವಾಗಿ ತೋರಿಸುತ್ತದೆ. ಎರಡೂ ಮೋಸವಲ್ಲ, ಆದರೆ ಒಂದು ಕಂಪನಿಯ ವೆಯ್ಟಿಂಗ್ ಇರುವ ಸಂಖ್ಯೆಯನ್ನು ಇನ್ನೊಂದರ ವೆಯ್ಟಿಂಗ್ ಇಲ್ಲದ ಸಂಖ್ಯೆಯ ಪಕ್ಕ ಇಟ್ಟು ತೂಗಬಾರದು. ಜೊತೆಗೆ, ಈ ಅಂಕಿ ಸಾಮಾನ್ಯವಾಗಿ ಗೇನ್ ಪೂರ್ತಿ ತಿರುಗಿಸಿದಾಗಿನದು. ಗುಂಡಿಯನ್ನು ಕೆಳಗಿಳಿಸಿದರೆ ಅದೇ ಪ್ರಿಆಂಪಿನ ಇಐಎನ್ ಕೆಡುತ್ತದೆ. ಆದರೆ ಗುಂಡಿ ಇಳಿಸುವುದು ದನಿ ಜೋರಾಗಿರುವಾಗಲೇ ಆದ್ದರಿಂದ ಬಹುಮಟ್ಟಿಗೆ ಅದು ತೊಂದರೆ ಕೊಡದು.

ಈಗ ಕೋಣೆಗೆ ಬರೋಣ. ಮೈನಸ್ 127ರ ಪ್ರಿಆಂಪಿಗೆ ಎಸ್‌ಎಂ7ಬಿ ಸಿಕ್ಕಿಸಿದಾಗ ಬರುವ ಗದ್ದಲವನ್ನು, ಮೈಕಿನ ಮುಂದೆ ನಿಜವಾಗಿ ಇದ್ದ ಶಬ್ದವೆಂಬಂತೆ ಲೆಕ್ಕ ಹಾಕಿದರೆ ಸುಮಾರು 24 ಡೆಸಿಬೆಲ್ ಆಗುತ್ತದೆ. ನಮ್ಮ ಮನೆಗಳ ಕೋಣೆ ಎಷ್ಟು ಸದ್ದಿನದು? ರಾತ್ರಿ ಹನ್ನೊಂದರ ಮೇಲೆ, ಫ್ಯಾನು ಆರಿಸಿ, ಕಿಟಕಿ ಮುಚ್ಚಿದ ಮಲಗುವ ಕೋಣೆ 30-35 ಡೆಸಿಬೆಲ್ ಇದ್ದರೆ ನೀವು ಅದೃಷ್ಟವಂತರು. ಸೀಲಿಂಗ್ ಫ್ಯಾನು ಹಾಕಿದರೆ 40ರ ಆಸುಪಾಸು. ಹಗಲಿನಲ್ಲಿ ಪಕ್ಕದ ಮನೆಯ ಮಿಕ್ಸಿ, ಬೀದಿಯ ತರಕಾರಿ ಗಾಡಿಯ ಧ್ವನಿವರ್ಧಕ, ಮೋಟರು, ಪಾರಿವಾಳ ಎಲ್ಲ ಸೇರಿದರೆ ಇನ್ನೂ ಮೇಲೆ.

35ರ ಕೋಣೆಯನ್ನೇ ಇಟ್ಟುಕೊಳ್ಳಿ. ಕೋಣೆಯ 35, ಪ್ರಿಆಂಪಿನ 24 ಎರಡೂ ಸೇರಿ ಒಟ್ಟು ಗದ್ದಲ 35.3 ಡೆಸಿಬೆಲ್. ಈಗ ಲಕ್ಷ ರೂಪಾಯಿ ಕೊಟ್ಟು, ಇನ್ನು ಮುಂದೆ ಹೋಗಲು ಸಾಧ್ಯವೇ ಇಲ್ಲದಂಥ ಪರಿಪೂರ್ಣ ಪ್ರಿಆಂಪ್ ತಂದಿರಿ ಎನ್ನೋಣ. ಒಟ್ಟು ಗದ್ದಲ 35.1ಕ್ಕೆ ಇಳಿಯುತ್ತದೆ. ಸೊನ್ನೆ ಬಿಂದು ಎರಡು ಡೆಸಿಬೆಲ್ ವ್ಯತ್ಯಾಸ ಯಾರ ಕಿವಿಗೂ ಕೇಳದು. ಅದೇ ದುಡ್ಡಿನ ಹತ್ತನೇ ಒಂದು ಪಾಲಿನಲ್ಲಿ ಬಾಗಿಲಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ, ಕಿಟಕಿಗೆ ದಪ್ಪ ಪರದೆ ಕಟ್ಟಿ, ನೆಲಕ್ಕೆ ಜಮಖಾನ ಹಾಸಿ, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟು ಅದರ ಕಡೆ ಮುಖ ಮಾಡಿ ಓದಿದರೆ ಬರುವ ಬದಲಾವಣೆ ಯಾರಿಗಾದರೂ ಕೇಳುತ್ತದೆ. ಮಾತು ಗೋಡೆಗೆ ಬಡಿದು ವಾಪಸಾಗುವ ಆ ಡಬ್ಬದ ದನಿಯನ್ನು ಯಾವ ಪ್ರಿಆಂಪೂ ತೆಗೆಯಲಾರದು.

ಇದಕ್ಕೆ ಒಂದು ನ್ಯಾಯವಾದ ತಕರಾರು ಇದೆ, ಅದನ್ನೂ ಹೇಳಬೇಕು. ಕೋಣೆಯ ಗದ್ದಲ ಹೆಚ್ಚಾಗಿ ತಗ್ಗಿನ ಗುಂಯ್‌ಗುಡುವಿಕೆ. ಪ್ರಿಆಂಪಿನ ಗದ್ದಲ ಎತ್ತರದ ಸ್ವರಗಳಲ್ಲೂ ಹರಡಿರುವ ಹಿಸ್. ಎರಡರ ಸ್ವಭಾವ ಬೇರೆಯಾದ್ದರಿಂದ ಮಟ್ಟ ಕಡಿಮೆಯಿದ್ದರೂ ಹಿಸ್ ಕೆಲವೊಮ್ಮೆ ಪ್ರತ್ಯೇಕವಾಗಿ ಕಿವಿಗೆ ತಾಗುತ್ತದೆ. ಹತ್ತು ಹನ್ನೊಂದು ಡೆಸಿಬೆಲ್ ಅಂತರವಿದ್ದರೆ ನನಗೆ ಅದು ಕಾಡಿಲ್ಲ. ಅಂತರ ಮೂರು ನಾಲ್ಕಕ್ಕೆ ಇಳಿದರೆ ಖಂಡಿತ ಕಾಡುತ್ತದೆ.

ಇಳಿಯುವುದು ಯಾವಾಗ? ಹಳೆಯ, ಅಗ್ಗದ ಮಿಕ್ಸರುಗಳಲ್ಲಿ, ಹಳೆಯ ಕ್ಯಾಮೆರಾಗಳ ಮೈಕ್ ಕಿಂಡಿಗಳಲ್ಲಿ. ಇಐಎನ್ ಮೈನಸ್ 115 ಇರುವ ಒಂದು ಪ್ರಿಆಂಪಿಗೆ ಅದೇ ಎಸ್‌ಎಂ7ಬಿ ಹಾಕಿದರೆ ಗದ್ದಲ 36 ಡೆಸಿಬೆಲ್‌ಗೆ ಸಮ. ಈಗ ಕೋಣೆಗಿಂತ ಪೆಟ್ಟಿಗೆಯೇ ಹೆಚ್ಚು ಮಾತಾಡುತ್ತಿದೆ. ಇಂಥಲ್ಲಿ ಬದಲಾಯಿಸಲೇಬೇಕು, ಸಂಕೋಚ ಬೇಡ.

ಮೈಕೇ ಬೇರೆಯಾದರೆ ಇಡೀ ಲೆಕ್ಕ ತಿರುಗುತ್ತದೆ. ರೋಡ್ ಎನ್‌ಟಿ1-ಎ ಎಂಬ ಕಂಡೆನ್ಸರ್ ಮೈಕು ಅದೇ 94 ಡೆಸಿಬೆಲ್ ಶಬ್ದಕ್ಕೆ 25 ಮಿಲಿವೋಲ್ಟ್ ಕೊಡುತ್ತದೆ. ಎಸ್‌ಎಂ7ಬಿಗಿಂತ ಇಪ್ಪತ್ತೆರಡು ಪಟ್ಟು, 27 ಡೆಸಿಬೆಲ್ ಹೆಚ್ಚು. ಆ ಮೈಕಿನ ಸ್ವಂತ ಗದ್ದಲ 5 ಡೆಸಿಬೆಲ್ ಎಂದು ತಯಾರಕರು ಹೇಳುತ್ತಾರೆ. ಮೈನಸ್ 127ರ ಪ್ರಿಆಂಪಿನ ಪಾಲು ಅದರ ಮುಂದೆ ಮೈನಸ್ 3 ಡೆಸಿಬೆಲ್‌ಗೆ ಸಮ, ಅಂದರೆ ಲೆಕ್ಕಕ್ಕೇ ಇಲ್ಲ. ಕಂಡೆನ್ಸರ್ ಮೈಕು ಬಳಸುವವರು ಪ್ರಿಆಂಪಿನ ಹಿಸ್ ಬಗ್ಗೆ ನಿದ್ದೆಗೆಡುವುದರಲ್ಲಿ ಅರ್ಥವಿಲ್ಲ. ಇಂಟರ್‌ಫೇಸಿನ ಜೊತೆ ಬಂದ ಪ್ರಿಆಂಪ್ ಸಾಕು.

ವೀಣೆಯನ್ನು ನೋಡಿ. ತೊಡೆಯ ಮೇಲಿನ ಸರಸ್ವತಿ ವೀಣೆಯ ನಾದ ಮೀಟಿದ ಕ್ಷಣದಲ್ಲಿ ಗಟ್ಟಿ, ಆಮೇಲೆ ಬೆರಳು ತಂತಿಯನ್ನು ಎಳೆಯುತ್ತಿದ್ದಂತೆ ಇಳಿಯುತ್ತ ಇಳಿಯುತ್ತ ಹೋಗುತ್ತದೆ. ಸಂಗೀತ ಇರುವುದು ಆ ಇಳಿಯುವಿಕೆಯಲ್ಲೇ. ಅರ್ಧ ಮೀಟರು ದೂರದಲ್ಲಿ ಸರಾಸರಿ 60 ಡೆಸಿಬೆಲ್ ಎಂದಿಟ್ಟುಕೊಂಡರೆ, ಎಸ್‌ಎಂ7ಬಿಯಲ್ಲಿ ಹಿಸ್‌ಗಿಂತ 36 ಡೆಸಿಬೆಲ್ ಮಾತ್ರ ಮೇಲೆ. ಸ್ವರದ ಕೊನೆ ಅದರೊಳಗೆ ಮುಳುಗಿಹೋಗುತ್ತದೆ. ಎನ್‌ಟಿ1-ಎಯಲ್ಲಿ ಈ ಅಂತರ 55ಕ್ಕೆ ಏರುತ್ತದೆ, ಆಮೇಲೆ ಮಿತಿ ಹಾಕುವುದು ಕೋಣೆ ಮಾತ್ರ. ವೀಣೆಗೆ ಎಸ್‌ಎಂ7ಬಿಯಂಥ ಡೈನಮಿಕ್ ಮೈಕು ಕೊಂಡು, ಹಿಸ್ ಬಂತೆಂದು ದುಬಾರಿ ಪ್ರಿಆಂಪ್ ಹುಡುಕುವವರನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಅದೇ ದುಡ್ಡಿನಲ್ಲಿ ಒಳ್ಳೆಯ ಕಂಡೆನ್ಸರ್ ಮೈಕು ಬರುತ್ತಿತ್ತು. ಬಾನ್ಸುರಿ, ಕೊಳಲಿನ ಮೆಲುದನಿಯ ಆಲಾಪನೆ, ಮಲಗಿಸುವಾಗ ಹಾಡುವ ಜೋಗುಳ, ಇವೆಲ್ಲಕ್ಕೂ ಇದೇ ಮಾತು.

ಹಾಗಾದರೆ ಎಸ್‌ಎಂ7ಬಿ ಯಾಕೆ ಇಷ್ಟು ಜನಪ್ರಿಯ? ಅದರ ಹಿಂದಿನ ರೂಪವಾದ ಎಸ್‌ಎಂ7ನಲ್ಲಿ ಮೈಕಲ್ ಜಾಕ್ಸನ್ 1982ರ 'ಥ್ರಿಲ್ಲರ್' ಆಲ್ಬಮಿಗೆ ಹಾಡಿದ್ದು ಪ್ರಸಿದ್ಧ. ಬಾಯಿಗೆ ತೀರ ಹತ್ತಿರವಿಟ್ಟು ಗಟ್ಟಿಯಾಗಿ ಮಾತಾಡಿದಾಗ ಸುತ್ತಲಿನ ಕೋಣೆ ಹಿಂದೆ ಸರಿಯುತ್ತದೆ, ಕೆಟ್ಟ ಕೋಣೆಯಲ್ಲೂ ಮಾತು ಶುದ್ಧವಾಗಿ ಬರುತ್ತದೆ. ಓದುವ, ಹರಟುವ ಕೆಲಸಕ್ಕೆ ಅದು ಒಳ್ಳೆಯ ಆಯ್ಕೆಯೇ. ಆದರೆ ಅದಕ್ಕೆ ಕನಿಷ್ಠ 60 ಡೆಸಿಬೆಲ್ ಗೇನ್ ಬೇಕೆಂದು ಶೂರ್ ಕಂಪನಿಯೇ ಹೇಳುತ್ತದೆ. ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2ನ ಮೂರನೇ ಪೀಳಿಗೆಯಲ್ಲಿ ಇದ್ದದ್ದು 56, ನಾಲ್ಕನೆಯದರಲ್ಲಿ 69. ಇಂಟರ್‌ಫೇಸ್ ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಬೇರೆ ಎಲ್ಲ ಅಬ್ಬರ ಬಿಟ್ಟು ಈ ಒಂದು ಅಂಕಿ ನೋಡಿದರೆ ಸಾಕು, ಆಯ್ಕೆ ಅರ್ಧ ಮುಗಿದಂತೆ.

ಗೇನ್ ಸಾಲದವರಿಗಾಗಿ ಕ್ಲೌಡ್‌ಲಿಫ್ಟರ್, ಫೆಟ್‌ಹೆಡ್ ಎಂಬ ಪುಟ್ಟ ಬೂಸ್ಟರುಗಳು ಬಂದಿವೆ. ಮೈಕಿಗೂ ಇಂಟರ್‌ಫೇಸಿಗೂ ನಡುವೆ ಕೂತು, ಮೈಕಿನ ಕೇಬಲ್ಲಿನಲ್ಲೇ ಹರಿದುಬರುವ ಫ್ಯಾಂಟಮ್ ಪವರಿನಿಂದ ಓಡಿ, ಮೊದಲನೆಯದು 25, ಎರಡನೆಯದು 27 ಡೆಸಿಬೆಲ್ ಸೇರಿಸುತ್ತವೆ. ಇವು ನಿಜಕ್ಕೂ ಉಪಯೋಗಕ್ಕೆ ಬರುವುದು ಎರಡೇ ಸಂದರ್ಭದಲ್ಲಿ: ಪ್ರಿಆಂಪಿನ ಗೇನ್ ಸಾಲದೆ ಇದ್ದಾಗ, ಅಥವಾ ಅದರ ಇಐಎನ್ ಕೆಟ್ಟದಾಗಿದ್ದಾಗ. ಮೈನಸ್ 127ರ ಪ್ರಿಆಂಪಿಗೆ ಬೂಸ್ಟರ್ ಹಾಕಿ ಹಿಸ್ ಹೋಯಿತು ಎನ್ನುವವರಿಗೆ ಹೆಚ್ಚಾಗಿ ಕೇಳಿಸುತ್ತಿರುವುದು ಜೋರಾದ ದನಿ, ಶುದ್ಧವಾದ ದನಿಯಲ್ಲ. ನಾಲ್ಕು ಡೆಸಿಬೆಲ್ ಗೇನ್ ಸಾಲದೆ ಬಂದರೂ ಗಾಬರಿಯಾಗಬೇಕಿಲ್ಲ. 24 ಬಿಟ್‌ನಲ್ಲಿ ಮುದ್ರಿಸಿ ಆಮೇಲೆ ಕಂಪ್ಯೂಟರಿನಲ್ಲಿ ಮಟ್ಟ ಏರಿಸಿಕೊಳ್ಳಬಹುದು. ಕೆಂಪು ದೀಪದ ಅಂಚಿಗೆ ತಂದು ಮುದ್ರಿಸಬೇಕೆಂಬುದು ಟೇಪಿನ ಮತ್ತು 16 ಬಿಟ್‌ನ ಕಾಲದ ರೂಢಿ. ಈಗ ಶಿಖರಗಳು ಮೈನಸ್ 10ರ ಸುತ್ತ ಇದ್ದರೆ ನೆಮ್ಮದಿ.

ಚೆಂಡೆಯವರಿಗೆ ಇದರ ಉಲ್ಟಾ ಸಮಸ್ಯೆ. ಹತ್ತಿರದಿಂದ ಪೆಟ್ಟಿನ ಶಿಖರ 130 ಡೆಸಿಬೆಲ್ ಮುಟ್ಟಿತು ಎನ್ನಿ, ಎನ್‌ಟಿ1-ಎಯಿಂದ ಹೊರಡುವುದು ಒಂದೂವರೆ ವೋಲ್ಟ್. ಹಿಗ್ಗಿಸುವ ಮಾತೇ ಇಲ್ಲ, ತಗ್ಗಿಸಬೇಕು. ಪ್ರಿಆಂಪಿನಲ್ಲಿ ಪ್ಯಾಡ್ ಗುಂಡಿ ಇದೆಯೇ, ಅದು ತಾಳಬಲ್ಲ ಗರಿಷ್ಠ ಒಳಮಟ್ಟ ಎಷ್ಟು ಎಂದು ನೋಡಿ. ಅಥವಾ 1965ರಿಂದ ಇರುವ ಶೂರ್ ಎಸ್‌ಎಂ57 ಹಾಕಿ. ಅದರಿಂದ ಬರುವುದು ಆಗ ಒಂದು ವೋಲ್ಟಿನ ಹತ್ತನೇ ಒಂದು ಭಾಗ. ಯಾವ ಪ್ರಿಆಂಪಿಗೂ ಸಲೀಸು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಹಿಸ್ ಮಾತ್ರ ಮುಖ್ಯವಾಗಿದ್ದರೆ ದೊಡ್ಡ ಸ್ಟುಡಿಯೊಗಳು ಐವತ್ತು ವರ್ಷ ಹಳೆಯ ಪ್ರಿಆಂಪುಗಳನ್ನು ಯಾಕೆ ಲಕ್ಷಗಟ್ಟಲೆ ಕೊಟ್ಟು ಇಟ್ಟುಕೊಂಡಿವೆ? ಇದಕ್ಕೆ ಉತ್ತರ ರೂಪರ್ಟ್ ನೀವ್ ಅವರ ಬದುಕಿನಲ್ಲಿದೆ. 1926ರಲ್ಲಿ ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಹುಟ್ಟಿ, ಅರ್ಜೆಂಟೀನಾದಲ್ಲಿ ಬೆಳೆದ ಈ ಎಂಜಿನಿಯರ್ 1970ರಲ್ಲಿ ಲಂಡನ್ನಿನ ವೆಸೆಕ್ಸ್ ಸ್ಟುಡಿಯೊದ ಕನ್ಸೋಲಿಗಾಗಿ 1073 ಎಂಬ ಮಾಡ್ಯೂಲ್ ರೂಪಿಸಿದರು. ಅದರ ಒಳಬಾಗಿಲಿನಲ್ಲೂ ಹೊರಬಾಗಿಲಿನಲ್ಲೂ ಟ್ರಾನ್ಸ್‌ಫಾರ್ಮರ್ ಇದೆ. ಕಬ್ಬಿಣದ ತಿರುಳಿನ ಮೇಲೆ ಸುತ್ತಿದ ತಂತಿಯ ಮೂಲಕ ದನಿ ಹಾಯುವಾಗ, ಮಟ್ಟ ಏರಿದಂತೆ ತಗ್ಗು ಸ್ವರಗಳಿಗೆ ತಮ್ಮದೇ ಉಪಸ್ವರಗಳು ಸೇರುತ್ತವೆ. ಡ್ರಮ್ಮು, ಬಾಸ್ ಗಿಟಾರು, ರಾಕ್ ಗಾಯಕರ ಕಂಠಕ್ಕೆ ಬರುವ ಆ ಮೈತುಂಬಿದ ಗುಣ ಹುಟ್ಟುವುದು ಹೀಗೆ. ಅದು ಅಳತೆಗೆ ಸಿಗುವ ನಿಜವಾದ ಬದಲಾವಣೆ, ಬರೀ ನಂಬಿಕೆಯಲ್ಲ.

ಆದರೆ ಆ ಗುಣ ಹೊರಬರುವುದು ಪ್ರಿಆಂಪನ್ನು ಚೆನ್ನಾಗಿ ದುಡಿಸಿದಾಗ. ಮೆಲ್ಲಗೆ ಓದುವ ಕಥೆಗೆ, ಮಿತ ಮಟ್ಟದಲ್ಲಿ ಮುದ್ರಿಸುವ ವೀಣೆಗೆ ಅದು ಬಹುಪಾಲು ಪಾರದರ್ಶಕವಾಗಿಯೇ ಇರುತ್ತದೆ. ನೀವ್ ಅವರೇ ಮುಂದೆ ಪಾರದರ್ಶಕತೆಯ ಕಡೆ ನಡೆದರು. 1985ರಲ್ಲಿ ಅವರು ಆರಂಭಿಸಿದ ಫೋಕಸ್‌ರೈಟ್ ಕಂಪನಿಯ ಐಎಸ್‌ಎ 110 ಮಾಡ್ಯೂಲ್ ಹುಟ್ಟಿದ್ದು ಸಂಗೀತ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರ ಏರ್ ಸ್ಟುಡಿಯೊಗೆ. ಇವತ್ತು ಕಾಲೇಜು ಹುಡುಗರ ಮೇಜಿನ ಮೇಲೆ ಕೂತಿರುವ ಕೆಂಪು ಪೆಟ್ಟಿಗೆಗಳು ಅದೇ ಕಂಪನಿಯವು ಎಂಬುದನ್ನು ನೆನೆದರೆ ಖುಷಿಯಾಗುತ್ತದೆ.

ಏರ್ ಸ್ಟುಡಿಯೊದ ಇನ್ನೊಂದು ಪ್ರಸಂಗವನ್ನು ನೀವ್ ಮತ್ತೆ ಮತ್ತೆ ಹೇಳುತ್ತಿದ್ದರು. ಬೀಟಲ್ಸ್ ಜೊತೆ ದುಡಿದಿದ್ದ ಎಂಜಿನಿಯರ್ ಜೆಫ್ ಎಮೆರಿಕ್ ಹೊಸ ಕನ್ಸೋಲಿನ ಕೆಲವು ಚಾನೆಲ್‌ಗಳು ಸರಿಯಿಲ್ಲ ಎಂದು ಹಠ ಹಿಡಿದರು. ಕೊನೆಗೆ ಅಳೆದಾಗ ಒಂದು ಟ್ರಾನ್ಸ್‌ಫಾರ್ಮರಿನ ಜೋಡಣೆ ತಪ್ಪಿ, 54 ಕಿಲೊಹರ್ಟ್ಸ್‌ನಲ್ಲಿ 3 ಡೆಸಿಬೆಲ್ ಉಬ್ಬು ಕಂಡಿತು. ಮನುಷ್ಯನ ಕಿವಿ ಕೇಳುವ ಮಿತಿಗಿಂತ ಎರಡೂವರೆ ಪಟ್ಟು ಮೇಲೆ. ಎಮೆರಿಕ್ ಕೇಳಿದ್ದು ಆ ಉಬ್ಬನ್ನೋ ಅಥವಾ ಅದೇ ದೋಷದಿಂದ ಕೆಳಗಿನ ಸ್ವರಗಳಲ್ಲಿ ಆದ ಏರುಪೇರನ್ನೋ ಎಂದು ಜನ ಇವತ್ತಿಗೂ ವಾದಿಸುತ್ತಾರೆ. ನನಗೆ ಆ ಕಥೆಯಲ್ಲಿ ಇಷ್ಟವಾಗುವುದು ಬೇರೆ ಅಂಶ: ಎಮೆರಿಕ್ ಸ್ಟುಡಿಯೊ ಕೋಣೆಗಳಲ್ಲಿ ವರ್ಷಗಟ್ಟಲೆ ಕೇಳಿ ಪಳಗಿದ್ದರು. 1073ರಂತೆ ದನಿಗೆ ತನ್ನ ಬಣ್ಣ ಸೇರಿಸುವ ಪ್ರಿಆಂಪ್ ಅಂಥ ಕಿವಿಗೆ, ಅಂಥ ಕೋಣೆಗೆ ಅರ್ಥಪೂರ್ಣ. ಜಮಖಾನ ಇನ್ನೂ ಹಾಸದ ಕೋಣೆಗೆ ಅಲ್ಲ.

ಕೊಳ್ಳುವಾಗ ಗಮನಿಸಬೇಕಾದ ಕೆಲವು ಸಣ್ಣ ಸಂಗತಿಗಳಿವೆ. ತಗ್ಗು ಸ್ವರ ಕತ್ತರಿಸುವ ಫಿಲ್ಟರ್ ಇದ್ದರೆ ಲಾರಿ ಬಸ್ಸುಗಳ ಗುಡುಗು ಕಡಿಮೆಯಾಗುತ್ತದೆ, ಆದರೆ ಅದು ಸಾಮಾನ್ಯವಾಗಿ 80 ಹರ್ಟ್ಸ್‌ಗೆ ಕಟ್ಟಿರುತ್ತದೆ. ಗಾಯಕರ ಷಡ್ಜ ಸಿ ಆದರೆ 131 ಹರ್ಟ್ಸ್; ತಂಬೂರಿಯ ಮಂದ್ರ ತಂತಿ ಅದರ ಅರ್ಧ, ಸುಮಾರು 65. ಫಿಲ್ಟರ್ ಹಾಕಿ ತಂಬೂರಿ ಮುದ್ರಿಸಿದರೆ ಅದರ ತಳವೇ ಸಡಿಲವಾಗುತ್ತದೆ. ಮಾತಿಗೆ ಹಾಕಿ, ತಂಬೂರಿಗೆ ಬೇಡ. ಎರಡು ಮೈಕಿನಲ್ಲಿ ಸ್ಟೀರಿಯೊ ಮುದ್ರಿಸುವವರು ಗೇನನ್ನು ಅಂಕಿಯಲ್ಲಿ ತೋರಿಸುವ ಪ್ರಿಆಂಪ್ ಹುಡುಕಬೇಕು. ಎರಡು ಗುಂಡಿಗಳನ್ನು ಕಣ್ಣಂದಾಜಿನಲ್ಲಿ ಸಮ ಮಾಡುವುದು ಕಷ್ಟ.

ಫ್ಯಾಂಟಮ್ ಪವರಿನ 48 ವೋಲ್ಟ್ ಎಲ್ಲಿಂದ ಬಂತೆಂಬುದು ಒಂದು ಸೊಗಸಾದ ಕಥೆ. 1966ರಲ್ಲಿ ಜರ್ಮನಿಯ ನಾಯ್ಮನ್ ಕಂಪನಿ ನಾರ್ವೆಯ ರೇಡಿಯೊ ಸಂಸ್ಥೆಗೆ ಕೆಎಂ 84 ಮೈಕುಗಳನ್ನು ಸಿದ್ಧಪಡಿಸುತ್ತಿತ್ತು. ಚಳಿಗಾಲದಲ್ಲಿ ಕತ್ತಲು ಕವಿಯುವ ಆ ದೇಶದ ಸ್ಟುಡಿಯೊಗಳಲ್ಲಿ ತುರ್ತು ದೀಪಗಳಿಗಾಗಿ 48 ವೋಲ್ಟಿನ ವ್ಯವಸ್ಥೆ ಮೊದಲೇ ಇತ್ತು, ಅದನ್ನೇ ಮೈಕಿಗೂ ಕೊಟ್ಟರು. ಅದೇ ಜಗತ್ತಿಗೆಲ್ಲ ಮಾನಕವಾಯಿತು. ಯುಎಸ್‌ಬಿಯಿಂದಲೇ ಶಕ್ತಿ ಪಡೆಯುವ ತೀರ ಅಗ್ಗದ ಕೆಲವು ಪೆಟ್ಟಿಗೆಗಳು ಈ 48ನ್ನು ಪೂರ್ತಿ ಕೊಡುವುದಿಲ್ಲ. ಮಲ್ಟಿಮೀಟರಿನಲ್ಲಿ ಒಂದನೇ ಪಿನ್ನಿಗೂ ಎರಡನೆಯದಕ್ಕೂ, ಮತ್ತೆ ಒಂದಕ್ಕೂ ಮೂರಕ್ಕೂ ಅಳೆಯಿರಿ. 44ರಿಂದ 52ರ ಒಳಗಿದ್ದರೆ ಸರಿ. ಹಳೆಯ ರಿಬ್ಬನ್ ಮೈಕು ಇದ್ದವರು ಮಾತ್ರ ಆ ಗುಂಡಿಯನ್ನು ಆರಿಸಿಯೇ ಕೇಬಲ್ ಸಿಕ್ಕಿಸಬೇಕು.

ನಮ್ಮ ಕಡೆ ಪ್ರಿಆಂಪಿನ ಮೇಲೆ ಬರುವ ದೂರುಗಳಲ್ಲಿ ಬಹಳಷ್ಟು ನಿಜವಾಗಿ ಮನೆಯ ಕರೆಂಟಿನ ದೂರುಗಳು. 'ಹಿಸ್' ಬೇರೆ, 'ಹಮ್' ಬೇರೆ. ಹಿಸ್ ಎಂದರೆ ದೂರದ ಮಳೆಯಂಥ ಸಮನಾದ ಸದ್ದು. ಹಮ್ ಎಂದರೆ 50 ಅಥವಾ 100 ಹರ್ಟ್ಸ್‌ನ ಗುಂಯ್. ಅದು ಅರ್ಥಿಂಗಿನಿಂದ, ಲ್ಯಾಪ್‌ಟಾಪ್ ಚಾರ್ಜರಿನಿಂದ, ಕರೆಂಟು ಹೋದೊಡನೆ ಚಾಲೂ ಆಗುವ ಇನ್ವರ್ಟರಿನಿಂದ ಬರುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ನಿಂತರೆ ಪ್ರಿಆಂಪ್ ನಿರಪರಾಧಿ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷಿಸಿ, ಎಲ್ಲ ಸಾಮಾನಿಗೂ ಒಂದೇ ಸಾಕೆಟ್ ಪಟ್ಟಿಯಿಂದ ಕರೆಂಟು ಕೊಡಿ. ಹಮ್ ಹೋಗಲೆಂದು ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಮಾಡಬೇಡಿ, ಅದು ಪ್ರಾಣಕ್ಕೆ ಅಪಾಯ.

ಮನೆಯಾಚೆ ಮುದ್ರಿಸುವವರ ಮಾತು ಪ್ರತ್ಯೇಕ. ಹಳ್ಳಿಯ ಜಗಲಿಯ ಮೇಲೆ ಕೂತು ಅಜ್ಜಿಯೊಬ್ಬರ ಬಾಯಿಂದ ಸೋಬಾನೆ ಪದ ಮುದ್ರಿಸುವಾಗ ಗೇನ್ ಪರೀಕ್ಷೆಗೆಂದು ಎರಡು ಸಲ ಹಾಡಿಸಲಾಗುವುದಿಲ್ಲ. ಮೊದಲ ಸಾಲು ಪಿಸುದನಿ, ಸೊಲ್ಲಿನಲ್ಲಿ ಎಲ್ಲರೂ ಕೂಡಿಕೊಂಡಾಗ ಅಬ್ಬರ. ಅಂಥಲ್ಲಿ 32 ಬಿಟ್ ಫ್ಲೋಟ್ ರೆಕಾರ್ಡರು ನಿಜವಾದ ವರ. ಮೆಲುದನಿಗೊಂದು, ಜೋರಿಗೊಂದು ಎಂದು ಎರಡು ಪರಿವರ್ತಕಗಳನ್ನು ಒಟ್ಟಿಗೆ ಓಡಿಸಿ ಎರಡನ್ನೂ ಹೆಣೆಯುವುದರಿಂದ ಗೇನ್ ಹಾಕುವ ಕೆಲಸವೇ ಇಲ್ಲ. 2019ರ ಜೂಮ್ ಎಫ್6, 2022ರಲ್ಲಿ ಬಂದ ಅಂಗೈಯಗಲದ ಎಫ್3 ಈ ಬಗೆಯವು. ಆದರೆ ಇವುಗಳ ಒಳಗೂ ಪ್ರಿಆಂಪ್ ಇದೆ, ಅದರ ಹಿಸ್ ಕೂಡ ಇದೆ. 32 ಬಿಟ್ ಅದನ್ನು ಅಳಿಸುವುದಿಲ್ಲ. ಮೈಕೇ ತಾಳಲಾರದಷ್ಟು ಜೋರಾದರೆ ಅದನ್ನೂ ಸರಿಪಡಿಸುವುದಿಲ್ಲ. ನಮ್ಮ ಹಿರಿಯರ ಹಾಡು, ಗಾದೆ, ಕಥೆಗಳನ್ನು ಉಳಿಸಿಕೊಳ್ಳಬೇಕೆನ್ನುವವರು ಸ್ಟುಡಿಯೊ ಪ್ರಿಆಂಪಿನ ಕನಸು ಬಿಟ್ಟು ಮೊದಲು ಇಂಥದೊಂದನ್ನು ಚೀಲಕ್ಕೆ ಹಾಕಿಕೊಳ್ಳಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಿಮ್ಮ ಪ್ರಿಆಂಪ್ ಸಾಕೋ ಸಾಲದೋ ಎಂದು ತಿಳಿಯಲು ಒಂದು ಎಕ್ಸ್‌ಎಲ್‌ಆರ್ ಪ್ಲಗ್ ಮತ್ತು 150 ಓಮ್‌ನ ಒಂದು ರೆಸಿಸ್ಟರ್ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ರೆಸಿಸ್ಟರ್ ಚಿಲ್ಲರೆ ಕಾಸಿಗೆ ಸಿಗುತ್ತದೆ. ಅದನ್ನು ಪ್ಲಗ್ಗಿನ ಎರಡು ಮತ್ತು ಮೂರನೇ ಪಿನ್ನುಗಳ ನಡುವೆ ಬೆಸೆಯಿರಿ. ಫ್ಯಾಂಟಮ್ ಆರಿಸಿ. ಮೊದಲು ನಿಮ್ಮ ಮೈಕಿನಲ್ಲಿ, ನೀವು ಸದಾ ಓದುವ ಅಥವಾ ನುಡಿಸುವ ಗೇನಿನಲ್ಲಿ, ಯಾರೂ ಮಾತಾಡದೆ ಅರ್ಧ ನಿಮಿಷ ಕೋಣೆಯನ್ನು ಮುದ್ರಿಸಿ. ಮೈಕಿಗೆ ಫ್ಯಾಂಟಮ್ ಬೇಕಿದ್ದರೆ ಈ ಮುದ್ರಣಕ್ಕೆ ಮಾತ್ರ ಹಾಕಿಕೊಳ್ಳಿ. ಆಮೇಲೆ ಗೇನ್ ಗುಂಡಿ ಮುಟ್ಟದೆ ಮೈಕು ತೆಗೆದು ಪ್ಲಗ್ ಸಿಕ್ಕಿಸಿ ಮತ್ತೆ ಅರ್ಧ ನಿಮಿಷ ಮುದ್ರಿಸಿ. ಅಡಾಸಿಟಿಯಂಥ ಉಚಿತ ಸಾಫ್ಟ್‌ವೇರಿನಲ್ಲಿ ಎರಡರ ಸರಾಸರಿ ಮಟ್ಟ ನೋಡಿ. ಪ್ಲಗ್ಗಿನದು ಕೋಣೆಯದಕ್ಕಿಂತ ಹತ್ತು ಡೆಸಿಬೆಲ್ ಅಥವಾ ಹೆಚ್ಚು ಕೆಳಗಿದ್ದರೆ, ನಿಮ್ಮ ಹಣ ಪರದೆಗೆ, ಜಮಖಾನಕ್ಕೆ, ಬೇಕಿದ್ದರೆ ಮೈಕಿಗೆ ಹೋಗಲಿ. ಎರಡೂ ಹತ್ತಿರ ಹತ್ತಿರ ಇದ್ದರೆ ಪ್ರಿಆಂಪ್ ಹುಡುಕುವುದು ನ್ಯಾಯ. ಆಗಲೂ ಕೊಳ್ಳುವ ಮುಂಚೆ ಒಂದು ದಿನಕ್ಕೆ ಬಾಡಿಗೆಗೋ ಗೆಳೆಯರಿಂದಲೋ ತಂದು, ಎರಡರ ಮಟ್ಟವನ್ನೂ ಡೆಸಿಬೆಲ್ಲಿನ ಹತ್ತನೇ ಒಂದು ಭಾಗದವರೆಗೆ ಸಮ ಮಾಡಿ, ಯಾವುದು ಯಾವುದೆಂದು ತಿಳಿಯದಂತೆ ಮನೆಯವರ ಕೈಯಲ್ಲಿ ಹಾಕಿಸಿಕೊಂಡು ಕೇಳಿ. ಮಟ್ಟ ಸಮ ಮಾಡದಿದ್ದರೆ ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಎನಿಸುತ್ತದೆ, ಅದು ಎಲ್ಲ ಕಿವಿಗಳ ಸ್ವಭಾವ.